ಗಣಿತ ಯಾರ ಅಪ್ಪನ ಆಸ್ತಿ?

ನಮ್ಮ ಯೂನಿಯನ್ ಕಚೇರಿಯ ಹಿಂದಿನ ಕೋಣೆಯಲ್ಲಿ ಎರಡು ತಿಂಗಳಿಂದ ಪ್ರತಿ ಭಾನುವಾರ ಸಂಜೆ ಲೆಕ್ಕದ ಕೂಟ ನಡೆಯುತ್ತಿದೆ. ಒಂದು ಕರಿಹಲಗೆ, ಎರಡು ಚಾಪೆ, ಒಂದು ಪೊಟ್ಟಣ ಸೀಮೆಸುಣ್ಣ. ಕೂಟದ ಬಂಡವಾಳ ಇಷ್ಟೆ. ಬರುವವರು ಹನ್ನೊಂದು ಜನ. ನೂಲಿನ ಗಿರಣಿಯವರು ಆರು ಮಂದಿ, ಅಕ್ಕಿ ಗಿರಣಿಯ ಹಮಾಲರಿಬ್ಬರು, ಕಿರಾಣಿ ಅಂಗಡಿಯವರಿಬ್ಬರು, ಸಂತೆಯಲ್ಲಿ ತರಕಾರಿ ಮಾರುವ ಅವ್ವ ಒಬ್ಬರು.

ಈ ಸುದ್ದಿ ಊರಿನ ದೊಡ್ಡವರ ಕಿವಿಗೂ ಬಿದ್ದಿದೆ. ಮೊನ್ನೆ ಒಂದು ಸಮಾರಂಭದಲ್ಲಿ ಹಾರ ಹಾಕಿಸಿಕೊಂಡ ಮಹನೀಯರೊಬ್ಬರು ನಗುತ್ತ ಕೇಳಿದರಂತೆ: "ಗಿರಣಿಯವನಿಗೆ ಬೀಜಗಣಿತ ಏಕೆ? ಲೆಕ್ಕ ಶಾಲೆಯಲ್ಲಿ ಕಲಿಯಬೇಕಾದ್ದು. ಅಲ್ಲಿ ತಲೆಗೆ ಹತ್ತದ್ದು ಚಾಪೆಯ ಮೇಲೆ ಹತ್ತೀತೆ?" ಸಭಿಕರೂ ನಕ್ಕರಂತೆ.

ಇದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ಈ ಪತ್ರಿಕೆಯ ಜಾಗವನ್ನು ಅದಕ್ಕೆ ಖರ್ಚು ಮಾಡುತ್ತಿರಲಿಲ್ಲ. ಆದರೆ ನಮ್ಮ ಸಂಗಾತಿಗಳಲ್ಲೇ ಕೆಲವರು ಮೂಗು ಮುರಿದಿದ್ದಾರೆ. "ಹೋರಾಟ ಬಿಟ್ಟು ಮಗ್ಗಿ ಹೇಳಿಕೊಡಲು ಹೊರಟಿರಾ ಮಾಸ್ತರೆ?" ಎಂದು ಕೇಳಿದ್ದಾರೆ. ಆದ್ದರಿಂದ ಇಬ್ಬರಿಗೂ ಉತ್ತರ ಕೊಡುವುದು ನಮ್ಮ ಕರ್ತವ್ಯವಾಗಿದೆ. ಮೊದಲು ನಮ್ಮವರಿಗೆ.

ಮೂವತ್ತೋ, ಇಪ್ಪತ್ತಾರೋ?

ಈ ಜಿಲ್ಲೆಯ ಒಂದು ಗಿರಣಿಯಲ್ಲಿ 22 ವರ್ಷ ದುಡಿದ ಕೆಲಸಗಾರರೊಬ್ಬರು ನಿವೃತ್ತರಾದರು. ಕೊನೆಯ ತಿಂಗಳ ಪಗಾರ, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ, 18,200 ರೂಪಾಯಿ. ವರ್ಷಕ್ಕೆ ಹದಿನೈದು ದಿನದ ವೇತನದಂತೆ ಗ್ರ್ಯಾಚುಯಿಟಿ ಕೊಡಬೇಕು. ಗಿರಣಿಯ ಗುಮಾಸ್ತರು 18,200ನ್ನು 30ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಕ್ಕೆ 9,100ರಂತೆ 2,00,200 ರೂಪಾಯಿ ಎಂದು ಬರೆದರು. ಕಾಗದ ನೀಟಾಗಿತ್ತು, ಮುದ್ರೆಯೂ ಇತ್ತು. ಹಿರಿಯರು ಸಹಿ ಮಾಡಿದರು. ಸಾಕ್ಷಿಯಾಗಿ ಕೆಳಗೆ ಸಹಿ ಮಾಡಿದವರು ಯಾರು? ನಾವೇ.

ಆ ರಾತ್ರಿ ಚಹದಂಗಡಿಯಲ್ಲಿ ರಿಂಗ್ ಫ್ರೇಮ್ ಖಾತೆಯ ಹುಡುಗನೊಬ್ಬ, ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಆ ಕಾಗದವನ್ನು ಎರಡು ಸಲ ತಿರುವಿ ನೋಡಿ ಕೇಳಿದ: "ಮಾಸ್ತರೆ, ನಾವು ತಿಂಗ್ಳಿಗೆ ದುಡಿಯೋದು ಇಪ್ಪತ್ತಾರು ದಿನ. ವಾರದ ರಜೆ ತೆಗೆದ್ರೆ ಪಗಾರ ಬರೋದು ಆ ಇಪ್ಪತ್ತಾರು ದಿನದ ದುಡಿಮೆಗೆ. ಮತ್ತೆ ಮೂವತ್ತರಿಂದ ಭಾಗಿಸಿದ್ದು ಯಾಕ್ರಿ?"

ನಮ್ಮ ಬಳಿ ಉತ್ತರವಿರಲಿಲ್ಲ. ಮರುದಿನ ಕಾನೂನು ತೆಗೆದು ನೋಡಿದರೆ ಹುಡುಗ ಹೇಳಿದ್ದೇ ಅಲ್ಲಿತ್ತು. ಗ್ರ್ಯಾಚುಯಿಟಿ ಕಾಯ್ದೆ ಬಂದದ್ದು 1972ರಲ್ಲಿ. ಭಾಗಿಸುವ ಅಂಕಿ ಯಾವುದೆಂಬ ವ್ಯಾಜ್ಯ ಗುಜರಾತಿನ ದಿಗ್ವಿಜಯ ಉಣ್ಣೆ ಗಿರಣಿಯ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1980ರಲ್ಲಿ 26 ಎಂದೇ ತೀರ್ಮಾನವಾಯಿತು. 1987ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಕ್ಕೆ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೆಯೇ ಉಳಿದಿದೆ. ಈಗ ಲೆಕ್ಕ ಹಾಕಿರಿ. 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ಹದಿನೈದು ದಿನಕ್ಕೆ 10,500. ಇಪ್ಪತ್ತೆರಡು ವರ್ಷಕ್ಕೆ 2,31,000. ಕಡಿಮೆ ಬಂದದ್ದು 30,800 ರೂಪಾಯಿ!

ಕಾರ್ಮಿಕ ಇಲಾಖೆಗೆ ಅರ್ಜಿ ಹೋಯಿತು, ಏಳು ತಿಂಗಳ ಮೇಲೆ ಹಣ ಬಂತು. ಆದರೆ ಆ ಹಿರಿಯರಿಗಿಂತ ಮುಂಚೆ ಅದೇ ಗುಮಾಸ್ತರ ಕೈಯಿಂದ ಅಂಥದೇ ನೀಟಾದ ಕಾಗದ ಪಡೆದು ಮನೆಗೆ ಹೋದವರೆಷ್ಟು ಜನ? ಅವರಲ್ಲಿ ಎಷ್ಟು ಕಾಗದಗಳ ಕೆಳಗೆ ನಮ್ಮ ಸಂಘದವರದೇ ಸಾಕ್ಷಿ ಸಹಿ ಇದೆ? ಈ ಪ್ರಶ್ನೆ ನಮ್ಮನ್ನು ನಿದ್ದೆ ಮಾಡಗೊಡುತ್ತಿಲ್ಲ. ಘೋಷಣೆ ಕೂಗಲು ಬಂದು ಭಾಗಾಕಾರ ಮಾಡಲು ಬಾರದ ಸಂಘ ಮಾಲೀಕನಿಗೆ ಬಹಳ ಅನುಕೂಲವಾದ ಸಂಘ. ಹೋರಾಟ ಬಿಟ್ಟು ಲೆಕ್ಕಕ್ಕೆ ಹೊರಟಿರಾ ಎಂದು ಕೇಳುವ ಸಂಗಾತಿಗಳು ಈ 30,800 ರೂಪಾಯಿ ಹೋರಾಟವೋ ಲೆಕ್ಕವೋ ಎಂಬುದನ್ನು ದಯಮಾಡಿ ತಿಳಿಸಬೇಕು.

ನೇಕಾರರ ಸಂಘದ ಎರಡು ಪೆನ್ಸ್ ದಂಡ

ಇನ್ನು ಆ ಮಹನೀಯರಿಗೆ. ಗಿರಣಿಯವನಿಗೆ ಬೀಜಗಣಿತ ಹತ್ತುವುದಿಲ್ಲವೆಂಬುದು ಅವರ ವಾದ. ಗಿರಣಿಗಳು ಹುಟ್ಟಿದ ದೇಶದ ಚರಿತ್ರೆಯನ್ನೇ ಅವರ ಮುಂದಿಡುತ್ತೇವೆ.

ಲಂಡನ್ ಪಟ್ಟಣದ ಪೂರ್ವಕ್ಕೆ ಸ್ಪಿಟಲ್‌ಫೀಲ್ಡ್ಸ್ ಎಂಬ ನೇಕಾರರ ಪೇಟೆ ಇತ್ತು. ಅಲ್ಲಿ 1717ರಲ್ಲಿ ಒಂದು ಗಣಿತ ಸಂಘ ಹುಟ್ಟಿತು. ಸದಸ್ಯರಲ್ಲಿ ರೇಷ್ಮೆ ನೇಕಾರರೇ ಬಹಳ, ಮಿಕ್ಕವರು ಬೇರೆ ಬೇರೆ ಕಸಬಿನವರು. ವಾರಕ್ಕೊಮ್ಮೆ, ಕೆಲಸ ಮುಗಿದ ಮೇಲೆ, ಪಡಖಾನೆಯ ಕೋಣೆಯಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಲೆಕ್ಕ. ಅವರ ಗಣಿತದ ಹುಚ್ಚು ಎಷ್ಟೆಂದರೆ ಸದಸ್ಯರ ಮಿತಿಯನ್ನೂ ವರ್ಗಸಂಖ್ಯೆಯಾಗಿ ಇಟ್ಟಿದ್ದರು. ಒಂದು ಕಾಲಕ್ಕೆ ಅದು ಎಂಟರ ವರ್ಗ, ಅಂದರೆ 64. ಅವರ ನಿಯಮವೊಂದನ್ನು ನಮ್ಮ ಕೋಣೆಯ ಗೋಡೆಯ ಮೇಲೂ ಬರೆಸಿದ್ದೇವೆ: ಒಬ್ಬ ಸದಸ್ಯ ಲೆಕ್ಕದ ವಿಷಯ ಕೇಳಿದರೆ ಇನ್ನೊಬ್ಬ ತನಗೆ ಸಾಧ್ಯವಾದಷ್ಟು ಸರಳವಾಗಿ ಹೇಳಿಕೊಡಲೇಬೇಕು. ಹೇಳಿಕೊಡದವನಿಗೆ ಎರಡು ಪೆನ್ಸ್ ದಂಡ! ಕಲಿಯದವನಿಗೆ ದಂಡ ಹಾಕುವುದು ನಮ್ಮ ಶಾಲೆಗಳ ರೂಢಿ. ಬಲ್ಲವನು ಬಚ್ಚಿಟ್ಟುಕೊಂಡರೆ ದಂಡ ಹಾಕುವುದು ಆ ನೇಕಾರರ ರೂಢಿ. ಎರಡರಲ್ಲಿ ನ್ಯಾಯ ಯಾವುದೆಂದು ಓದುಗರೇ ಹೇಳಲಿ.

ಆ ಪೇಟೆಯಲ್ಲಿ ಹಗಲು ಮಗ್ಗ ನೇಯ್ದು ಸಂಜೆ ಗಣಿತ ಹೇಳಿಕೊಡುತ್ತಿದ್ದವರಲ್ಲಿ ಥಾಮಸ್ ಸಿಂಪ್ಸನ್ ಒಬ್ಬ. 1710ರಲ್ಲಿ ನೇಕಾರನ ಮಗನಾಗಿ ಹುಟ್ಟಿದವನು. ಮಗ ಪುಸ್ತಕ ಹಿಡಿದರೆ ತಂದೆಗೆ ಕೋಪ. ಊರೂರು ತಿರುಗುವ ವ್ಯಾಪಾರಿಯೊಬ್ಬನಿಂದ ಸಿಕ್ಕ ಅಂಕಗಣಿತದ ಪುಸ್ತಕವೇ ಅವನ ಶಾಲೆಯಾಯಿತು. 1743ರಲ್ಲಿ ವುಲಿಚ್‌ನ ಸೈನಿಕ ವಿದ್ಯಾಲಯ ಅವನನ್ನು ಗಣಿತದ ಅಧ್ಯಾಪಕನನ್ನಾಗಿ ಕರೆದುಕೊಂಡಿತು. ಇಂದು ಕೆರೆಯ ಮಣ್ಣಿನ ಪ್ರಮಾಣ ಲೆಕ್ಕಹಾಕುವ ಇಂಜಿನಿಯರ್ ಬಳಸುವ ಸೂತ್ರಕ್ಕೆ ಆ ನೇಕಾರನ ಹೆಸರೇ ಇದೆ.

ಗಿರಣಿಯವನೇ ಬೇಕೆಂದರೆ ಅವನೂ ಇದ್ದಾನೆ. ಜಾರ್ಜ್ ಗ್ರೀನ್, ನಾಟಿಂಗ್‌ಹ್ಯಾಮ್ ಪಕ್ಕದ ಸ್ನೈಂಟನ್‌ನಲ್ಲಿ ಗಾಳಿಯಿಂದ ತಿರುಗುವ ಹಿಟ್ಟಿನ ಗಿರಣಿ ನಡೆಸಿದವನು. ಶಾಲೆ ಕಂಡದ್ದು ಸುಮಾರು ಒಂದು ವರ್ಷ. 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವದ ಗಣಿತದ ಮೇಲೆ ತನ್ನ ಪ್ರಬಂಧವನ್ನು ಚಂದಾ ಎತ್ತಿ ಅಚ್ಚು ಹಾಕಿಸಿದ. ಚಂದಾ ಕೊಟ್ಟವರು 51 ಜನ. ಅವನು ಕಾಲೇಜು ಮೆಟ್ಟಿಲು ಹತ್ತಿದ್ದು ನಲವತ್ತನೆಯ ವಯಸ್ಸಿನಲ್ಲಿ, 1841ರಲ್ಲಿ ತೀರಿಕೊಂಡ. ಅವನು ಬರೆದದ್ದರ ಬೆಲೆ ದೊಡ್ಡ ವಿಜ್ಞಾನಿಗಳಿಗೆ ತಿಳಿದದ್ದು ಅವನು ಸತ್ತ ಮೇಲೆ. ಗಿರಣಿಯವನಿಗೆ ಬೀಜಗಣಿತ ಏಕೆ ಎಂದು ಕೇಳಿದ ಮಹನೀಯರೇ, ಗಿರಣಿಯವನು ಕೊಟ್ಟ ಗಣಿತವನ್ನು ನಿಮ್ಮ ಮಕ್ಕಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟಿ ಕಲಿಯುತ್ತಿದ್ದಾರೆ!

ಆ ನೇಕಾರರ ಸಂಘದ ಕೊನೆಯನ್ನೂ ಹೇಳದಿದ್ದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ಸ್ಪಿಟಲ್‌ಫೀಲ್ಡ್ಸ್ ನೇಕಾರರ ಕೂಲಿದರವನ್ನು ಕಾಯುತ್ತಿದ್ದ ಕಾನೂನುಗಳನ್ನು 1824ರಲ್ಲಿ ಸರ್ಕಾರ ರದ್ದು ಮಾಡಿತು. ಕೂಲಿ ಇಳಿಯಿತು, ಮಗ್ಗಗಳು ನಿಂತವು. ಸಂಘವೂ ಸೊರಗಿತು. 1845ರಲ್ಲಿ ಅಳಿದುಳಿದ ಸದಸ್ಯರು ತಮ್ಮ ಪುಸ್ತಕಗಳನ್ನು ಖಗೋಳ ವಿಜ್ಞಾನಿಗಳ ಸಂಘಕ್ಕೆ ಒಪ್ಪಿಸಿ ಬಾಗಿಲು ಹಾಕಿದರು. ಕೂಲಿಗೂ ಕಲಿಕೆಗೂ ಇರುವ ನಂಟು ಇದು. ಎಂಟು ಗಂಟೆಯ ಪಾಳಿ, ವಾರದ ರಜೆ, ಹೊಟ್ಟೆ ತುಂಬುವ ಪಗಾರ ಇವಿಲ್ಲದೆ ಯಾರ ಮನೆಯಲ್ಲೂ ಪುಸ್ತಕ ತೆರೆಯುವುದಿಲ್ಲ. ಲೆಕ್ಕ ಬಾರದೆ ಪಗಾರ ಉಳಿಯುವುದಿಲ್ಲ. ಪಗಾರವಿಲ್ಲದೆ ಲೆಕ್ಕ ಉಳಿಯುವುದಿಲ್ಲ. ನಮ್ಮ ಸಂಗಾತಿಗಳು ಇದನ್ನು ಮರೆಯಬಾರದು.

ಮೇಷ್ಟರ ತಪ್ಪೊಪ್ಪಿಗೆ

"ನಮಗೆ ಲೆಕ್ಕ ಬರೋಲ್ಲ" ಎಂದು ಹೇಳುವ ಕೆಲಸಗಾರ ಎದುರು ಕುಳಿತಾಗ ನಾವು ಕೇಳುವುದು ಒಂದೇ ಮಾತು: ನಲವತ್ತನೇ ನಂಬರಿನ ನೂಲು ಎಂದರೇನು? ಥಟ್ಟನೆ ಹೇಳುತ್ತಾನೆ. 840 ಗಜದ ಲಡಿ ಒಂದು ಪೌಂಡಿಗೆ ನಲವತ್ತು ತೂಗಿದರೆ ಅದು ನಲವತ್ತನೇ ನಂಬರು. ಅರವತ್ತು ತೂಗಿದರೆ ಅರವತ್ತು. ನಂಬರು ಏರಿದಷ್ಟೂ ನೂಲು ಸಣ್ಣ. ಅಯ್ಯಾ, ಶಾಲೆಯ ಪುಸ್ತಕದಲ್ಲಿ ವಿಲೋಮ ಅನುಪಾತ ಎಂದು ಬರೆದು ಮಕ್ಕಳನ್ನು ಅಳಿಸುವುದು ಇದನ್ನೇ. ನೀನು ದಿನಾ ಬೆರಳ ತುದಿಯಲ್ಲಿ ಹಿಡಿದದ್ದಕ್ಕೆ ಶಾಲೆ ಬೇರೊಂದು ಹೆಸರಿಟ್ಟು, ಅದು ನಿನ್ನದಲ್ಲ ಎಂದು ನಂಬಿಸಿ ಕಳಿಸಿದೆ.

ಹಾಗೆ ನಂಬಿಸಿ ಕಳಿಸಿದವರಲ್ಲಿ ನಾವೂ ಒಬ್ಬರು. ಶಾಲೆಯಲ್ಲಿದ್ದಾಗ ಒಬ್ಬ ಹುಡುಗ ಬಡ್ಡಿಯ ಲೆಕ್ಕವನ್ನು ತನ್ನದೇ ದಾರಿಯಲ್ಲಿ ಮಾಡಿ ಸರಿಯಾದ ಉತ್ತರ ತಂದ. ಪುಸ್ತಕದ ಕ್ರಮ ಅದಲ್ಲವೆಂದು ನಾವು ಕೆಂಪು ಶಾಯಿಯಲ್ಲಿ ಗೀಟು ಎಳೆದೆವು. "ಉತ್ತರ ಸರಿ ಐತಲ್ರಿ ಸಾರ್" ಎಂದ. ಎದುರು ಮಾತಾಡಿದನೆಂದು ಬೆಂಚಿನ ಮೇಲೆ ನಿಲ್ಲಿಸಿದೆವು. ಆ ವರ್ಷವೇ ಶಾಲೆ ಬಿಟ್ಟ. ನಿಜ ಹೇಳಬೇಕೆಂದರೆ ಅವನ ದಾರಿ ನಮಗೆ ಅರ್ಥವಾಗಿರಲಿಲ್ಲ. ನಾವು ಮೆಟ್ರಿಕ್ಕಿಗಿಂತ ಮುಂದೆ ಓದಿದವರಲ್ಲ. ಪುಸ್ತಕದ ಕ್ರಮವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದವರು. ಕೆಲಸ ಬಿಟ್ಟ ಮೇಲೆ, ಮೂವತ್ತು ದಾಟಿದ ಮೇಲೆ, ಏಳನೆಯ ತರಗತಿಯ ಪುಸ್ತಕದಿಂದ ಮತ್ತೆ ಆರಂಭಿಸಿ ನಮಗೆ ನಾವೇ ಕಲಿತುಕೊಂಡಾಗ ಅವನ ದಾರಿ ಹೊಳೆಯಿತು. ನಮ್ಮದಕ್ಕಿಂತ ಅದೇ ಹತ್ತಿರದ ದಾರಿ.

ಬೇರೆ ಎಷ್ಟೋ ವಿಷಯಗಳಲ್ಲಿ ಹೇಳುವವನ ಗಾದಿಯನ್ನು ನೋಡಿ ನಂಬಬೇಕಾಗುತ್ತದೆ. ಗಣಿತದಲ್ಲಿ ಗಾದಿಗೆ ಬೆಲೆಯಿಲ್ಲ. ಮಾಲೀಕ ಹೇಳಿದರೂ, ಮೇಷ್ಟರು ಹೇಳಿದರೂ, ಪಕ್ಷದ ಕಾರ್ಯದರ್ಶಿ ಹೇಳಿದರೂ ತಪ್ಪು ತಪ್ಪೇ. ಅದನ್ನು ಹಮಾಲ ತೋರಿಸಿಕೊಟ್ಟರೂ ಸರಿಯೇ. ಇಂಥ ವಿದ್ಯೆ ದುಡಿಯುವವನ ಕೈಗೆ ಸಿಕ್ಕರೆ ಯಾರಿಗೆ ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹುಣಸೆಬೀಜದ ಸಾಕ್ಷಿ

"ಈಗ ಎಲ್ಲರ ಜೇಬಿನಲ್ಲೂ ಮೊಬೈಲು ಇದೆ, ಅದೇ ಲೆಕ್ಕ ಮಾಡುತ್ತದೆ" ಎನ್ನುವವರಿದ್ದಾರೆ. ಮಾಡುತ್ತದೆ, ನಿಜ. 30ರಿಂದ ಭಾಗಿಸು ಎಂದರೆ 30ರಿಂದ ಭಾಗಿಸುತ್ತದೆ, 26ರಿಂದ ಎಂದರೆ 26ರಿಂದ. ಯಾವುದರಿಂದ ಭಾಗಿಸಬೇಕೆಂದು ಅದನ್ನು ಒತ್ತುವ ಬೆರಳಿಗೆ ತಿಳಿದಿರಬೇಕು.

ನಮ್ಮ ಕೂಟದ ತರಕಾರಿ ಅವ್ವ ಒಂದು ಫೈನಾನ್ಸಿನಿಂದ 12,000 ಸಾಲ ತೆಗೆದಿದ್ದರು. ಬಡ್ಡಿ ನೂರಕ್ಕೆ 12, ವರ್ಷಕ್ಕೆ 1,440. ಅಸಲು ಬಡ್ಡಿ ಸೇರಿ ತಿಂಗಳಿಗೆ 1,120ರಂತೆ ಹನ್ನೆರಡು ಕಂತು. "ಹನ್ನೆರಡು ಪರ್ಸೆಂಟು, ಅಗ್ಗ ಐತಿ" ಎಂದು ಎಲ್ಲರೂ ಹೇಳಿದರು. ಅಗ್ಗವೇ? ಮೊದಲ ತಿಂಗಳು ಅವ್ವನ ಕೈಲಿದ್ದ ಸಾಲ 12,000. ಸಾವಿರ ಅಸಲು ತೀರಿಸಿದ ಮೇಲೆ 11,000, ಆಮೇಲೆ 10,000. ಕೊನೆಯ ತಿಂಗಳು ಬರೀ ಸಾವಿರ. ಬಡ್ಡಿ ಮಾತ್ರ ವರ್ಷವಿಡೀ 12,000ದ ಮೇಲೆ! ಹಾಗಾದರೆ ಸರಾಸರಿ ಸಾಲ ಎಷ್ಟು?

ಒಂದರಿಂದ ಹನ್ನೆರಡರವರೆಗೆ ಕೂಡಬೇಕು. ಅವ್ವ ಬೆರಳು ಮಡಿಸಲಿಲ್ಲ. ಹುಣಸೆಬೀಜ ತೆಗೆದು ಚಾಪೆಯ ಮೇಲೆ ಮೆಟ್ಟಿಲಿನ ಹಾಗೆ ಜೋಡಿಸಿದರು: ಒಂದು ಬೀಜ, ಎರಡು, ಮೂರು, ಹೀಗೆ ಹನ್ನೆರಡು ಸಾಲು. ಪಕ್ಕದಲ್ಲಿ ಅದೇ ಮೆಟ್ಟಿಲನ್ನು ತಲೆಕೆಳಗು ಮಾಡಿ ಕೂಡಿಸಿದರು. ಎಲ್ಲ ಸಾಲಿನಲ್ಲೂ ಹದಿಮೂರು ಹದಿಮೂರು ಬೀಜ. ಹನ್ನೆರಡು ಹದಿಮೂರಲ 156, ಅದರಲ್ಲಿ ಅರ್ಧ 78. ಹನ್ನೆರಡು ತಿಂಗಳ ಸಾಲದ ಮೊತ್ತ 78,000, ಸರಾಸರಿ 6,500. ಈ 6,500ಕ್ಕೆ 1,440 ಬಡ್ಡಿ ಎಂದರೆ ನೂರಕ್ಕೆ 22ರ ಮೇಲಾಯಿತು. ಕೋಣೆ ನಿಶ್ಶಬ್ದವಾಯಿತು. ಅವ್ವ ಕೇಳಿದರು: "ಹನ್ನೆರಡು ಅಂದೋರು ಇಪ್ಪತ್ತೆರಡು ಕಿತ್ತಂಡ್ರಾ?"

ಕಿರುಸಾಲ ಕೊಡುವವರು ಬಡ್ಡಿಯ ನಿಜವಾದ ವಾರ್ಷಿಕ ದರವನ್ನು ಸಾಲಗಾರರಿಗೆ ಕಾಗದದಲ್ಲಿ ತೋರಿಸಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶನ ಕೊಟ್ಟಿದೆ. ಕಾಗದವನ್ನು ಓದಬಲ್ಲವರಿಲ್ಲದಿದ್ದರೆ ನಿರ್ದೇಶನದಿಂದ ಏನಾದೀತು?

ವ್ಯಾಪಾರಿ ಬಂಧುಗಳೂ ಕೇಳಬೇಕು. ನೂರಕ್ಕೆ ಕೊಂಡ ಮಾಲಿಗೆ ಶೇಕಡ 25 ಏರಿಸಿ ಬೆಲೆ ಬರೆಯುತ್ತೀರಿ. ಪಕ್ಕದ ದೊಡ್ಡ ಮಳಿಗೆಯ ಪೈಪೋಟಿಗೆ ಹಬ್ಬದಲ್ಲಿ ಶೇಕಡ 20 ರಿಯಾಯಿತಿ ಬೋರ್ಡು ಹಾಕುತ್ತೀರಿ. ಐದು ಉಳಿಯಿತು ಎಂದುಕೊಂಡಿರಾ? 125ಕ್ಕೆ ಶೇಕಡ 20 ಎಂದರೆ 25. ಕೈಗೆ ಬಂದದ್ದು ಅದೇ ನೂರು. ಅಂಗಡಿಯ ಬಾಡಿಗೆ ಮನೆಯಿಂದ ಕೊಡಬೇಕು.

ವರವೂ ಬೇಡ, ಇಂಗ್ಲಿಷೂ ಬೇಡ

ತಮಗೆ ತಾವೇ ಗಣಿತ ಕಲಿತವರ ಮಾತು ಬಂದರೆ ಎಲ್ಲರೂ ಹೇಳುವುದು ರಾಮಾನುಜನ್ ಹೆಸರು. "ಅವರಿಗೆ ದೇವಿಯ ವರವಿತ್ತು, ನಮ್ಮಂಥವರಿಗೆಲ್ಲಿ?" ಎಂದು ಕೈ ಮುಗಿದು ಎದ್ದು ಹೋಗುವುದಕ್ಕೆ ಅದೊಂದು ನೆಪ. ಅವರ ಭಕ್ತಿ ಅವರದು, ನಮ್ಮ ತಕರಾರಿಲ್ಲ. ಆದರೆ ಅವರ ದುಡಿಮೆಯನ್ನು ಏಕೆ ಮರೆಮಾಚುತ್ತೀರಿ? 1903ರಲ್ಲಿ, ಕುಂಭಕೋಣದ ಶಾಲಾ ಹುಡುಗನಾಗಿದ್ದಾಗ, ಕಾರ್ ಎಂಬಾತನ ಸೂತ್ರಗಳ ಪುಸ್ತಕ ಕೈಗೆ ಬಂತು. ಸಾವಿರಾರು ಸೂತ್ರಗಳು, ಸಾಧನೆ ಬಹಳ ಕಡಿಮೆ. ಒಂದೊಂದನ್ನೂ ತಾವೇ ಮಾಡಿ ನೋಡಿದರು. ಕಾಗದ ದುಬಾರಿ ಎಂದು ಹಲಗೆಯ ಮೇಲೆ ಬರೆದು ಒರೆಸಿ, ಫಲವನ್ನಷ್ಟೇ ಪುಸ್ತಕಕ್ಕೆ ಇಳಿಸುತ್ತಿದ್ದರು. ಕಾಲೇಜು ಪರೀಕ್ಷೆಯಲ್ಲಿ ನಪಾಸಾದರು. 1912ರಲ್ಲಿ ಮದರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಮರುವರ್ಷ ಕೇಂಬ್ರಿಜ್‌ಗೆ ಕಾಗದ ಬರೆದರು.

ಇನ್ನೊಂದು ಮಾತನ್ನು ಭಜನೆ ಮಾಡುವವರು ಹೇಳುವುದಿಲ್ಲ. ಒಂಟಿಯಾಗಿ ಕಲಿತದ್ದರ ಬೆಲೆಯನ್ನು ಆ ಮಹಾನುಭಾವರೂ ತೆತ್ತರು. ಬೇರೆಯವರು ಆಗಲೇ ಕಂಡುಹಿಡಿದದ್ದನ್ನು ಮತ್ತೆ ಕಂಡುಹಿಡಿಯಲು ವರ್ಷಗಳು ಸವೆದವು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಅವರು ಬರೆದದ್ದರಲ್ಲಿ ತಪ್ಪುಗಳೂ ಇದ್ದವು. ತಪ್ಪನ್ನು ಎತ್ತಿ ತೋರಿಸುವ ಜೊತೆಗಾರ ಹತ್ತಿರದಲ್ಲಿರಲಿಲ್ಲ. ಆದ್ದರಿಂದಲೇ ನಾವು ಕೂಟ ಎನ್ನುವುದು. ಶಾಲೆಯ ಹೊರಗೆ ಕಲಿಯುವುದೆಂದರೆ ಒಂಟಿಯಾಗಿ ಕಲಿಯುವುದು ಎಂದು ಯಾರೂ ತಿಳಿಯಬಾರದು.

"ಗಣಿತಕ್ಕೆ ಇಂಗ್ಲಿಷ್ ಬೇಕಲ್ಲ?" ಎನ್ನುವವರಿಗೆ ಒಂದೇ ಮಾತು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಎಂಬ ಕವಿ 'ವ್ಯವಹಾರಗಣಿತ' ಎಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ. ಎಂಟುನೂರು ವರ್ಷಕ್ಕೂ ಹಿಂದೆ ಕನ್ನಡಕ್ಕೆ ಒಗ್ಗಿದ ಲೆಕ್ಕ ಇಂದು ಒಗ್ಗದೆ ಹೋಯಿತೆ?

ಸರ್ಕಾರಕ್ಕೂ ಎಚ್ಚರಿಕೆ ಹೇಳಿಬಿಡುತ್ತೇವೆ. ಚಾಪೆಯ ಮೇಲೆ ಕಲಿಯುತ್ತಾರಂತೆ, ಇನ್ನು ಶಾಲೆಗೆ ಮೇಷ್ಟರು ಏಕೆ ಎಂದು ಯಾರೂ ಲೆಕ್ಕ ಹಾಕಬೇಡಿ. ನಮ್ಮ ಕೂಟಕ್ಕೆ ಬರುವವರು ಶಾಲೆಯಿಂದ ಹೊರಗೆ ಬಿದ್ದವರು. ಅವರ ಮಕ್ಕಳು ಹಾಗೆ ಬೀಳಬಾರದೆಂಬುದೇ ನಮ್ಮ ಹಟ. ಶಾಲೆಯ ಖಾಲಿ ಹುದ್ದೆ ತುಂಬಿರಿ ಎಂಬ ಬೇಡಿಕೆಯಿಂದ ನಾವು ಒಂದಂಗುಲವೂ ಹಿಂದೆ ಸರಿಯುವುದಿಲ್ಲ.

ಕೊನೆಯದಾಗಿ, ಬರಬೇಕೆನ್ನುವವರಿಗೆ. ಸರ್ಕಾರಿ ಶಾಲೆಯ ಆರನೆಯ ಅಥವಾ ಏಳನೆಯ ತರಗತಿಯ ಹಳೆಯ ಗಣಿತ ಪುಸ್ತಕ ಮಕ್ಕಳಿಂದ ಕೇಳಿ ತನ್ನಿ, ನಾಚಿಕೆ ಬೇಡ. ಉತ್ತರದ ಪುಟವನ್ನು ಹೊಲಿದುಬಿಡಿ. ದಿನಕ್ಕೆ ಒಂದೇ ಲೆಕ್ಕ ಮಾಡಿ. ಆದರೆ ಅದು ಏಕೆ ಸರಿ ಎಂದು ಪಕ್ಕದವನಿಗೆ ಒಪ್ಪುವಂತೆ ಹೇಳಲು ಬರುವತನಕ ಬಿಡಬೇಡಿ. ತಪ್ಪಾದರೆ ಒರೆಸಿ ಮತ್ತೆ ಬರೆಯಿರಿ; ಇಲ್ಲಿ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟರಿಲ್ಲ, ಆ ಮೇಷ್ಟರು ಈಗ ನಿಮ್ಮ ಜೊತೆಗೆ ಚಾಪೆಯ ಮೇಲೆ ಕುಳಿತಿದ್ದಾರೆ.

ಬರುವ ಭಾನುವಾರ ನಿಮ್ಮ ನಿಮ್ಮ ಪಗಾರದ ಚೀಟಿ, ಸಾಲದ ಪಾಸ್‌ಬುಕ್ಕು, ಅಂಗಡಿಯ ಖಾತೆಪುಸ್ತಕ ತೆಗೆದುಕೊಂಡು ಬನ್ನಿ. ಈಗಾಗಲೇ ನಿವೃತ್ತರಾದ ಹಿರಿಯರಿದ್ದರೆ ಅವರ ಗ್ರ್ಯಾಚುಯಿಟಿ ಕಾಗದವನ್ನು ಮರೆಯದೆ ತನ್ನಿ. ಒಂದೊಂದನ್ನೂ ಕೂಡಿಸಿ, ಭಾಗಿಸಿ ನೋಡೋಣ. ನಮ್ಮ ಸಾಕ್ಷಿ ಸಹಿ ಇರುವ ಕಾಗದಗಳನ್ನು ಮೊದಲು.